ಕ್ಲೌಡ್ ಟೆಂಪ್ಲೇಟಿನ ಟೈಪ್ ಅಪ್‌ಡೇಟ್: ಡಿಫ್ ಓದದೆ ಮರ್ಜ್ ಮಾಡಬೇಡಿ

ವಿದ್ಯಾನಗರದಲ್ಲೋ ಪಿ.ಜೆ. ಬಡಾವಣೆಯಲ್ಲೋ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕ್ಲೌಡ್ ಕೆಲಸ ಮಾಡುವ ಹುಡುಗ ಹುಡುಗಿಯರು ದಾವಣಗೆರೆಯಲ್ಲಿ ಈಗ ಬೇಕಾದಷ್ಟು ಜನ ಇದ್ದಾರೆ. ಹೊಸಬರ ಕೈಗೆ ಬೇಗ ಬಂದು ಬೀಳುವ ಕೆಲಸಗಳಲ್ಲಿ ಇದೂ ಒಂದು: 'ಪ್ಯಾಕೇಜಿನಲ್ಲಿರೋ ಕ್ಲೌಡ್‌ಫಾರ್ಮೇಶನ್ ಟೈಪ್‌ಗಳು ಹಳೇವಾಗಿವೆ, ಸ್ವಲ್ಪ ಅಪ್‌ಡೇಟ್ ಮಾಡಿಬಿಡಪ್ಪ.' ಕೇಳೋಕೆ ಸುಲಭ. ಒಂದು ಕಮಾಂಡ್ ಓಡಿಸಿದರೆ ಫೈಲ್ ಬದಲಾಗುತ್ತದೆ, ಟೆಸ್ಟ್ ಪಾಸ್ ಆಗುತ್ತದೆ, ಡಿಫ್ (ಹಳೇದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದ ಪಟ್ಟಿ) ಓದದೆ ಮರ್ಜ್ ಮಾಡಿ, ಅಂದರೆ ಮುಖ್ಯ ಕೋಡಿಗೆ ಸೇರಿಸಿ, ಊಟಕ್ಕೆ ಏಳುತ್ತಾರೆ. ಮರುದಿನ ಆ ಪ್ಯಾಕೇಜ್ ಬಳಸುವ ಬೇರೆ ಟೀಮುಗಳ ಬಿಲ್ಡ್ ಎಲ್ಲ ಫೇಲ್. ಇದನ್ನು ಮತ್ತೆ ಮತ್ತೆ ನೋಡಿದ್ದೇನೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆಜಾನ್‌ನ ಕ್ಲೌಡ್‌ಫಾರ್ಮೇಶನ್ 2011ರಲ್ಲಿ ಬಂತು. ಸರ್ವರ್, ಡೇಟಾಬೇಸ್, ಸ್ಟೋರೇಜ್ ಏನೇನು ಬೇಕು ಅಂತ ಒಂದು ಟೆಂಪ್ಲೇಟಿನಲ್ಲಿ ಬರೆದುಕೊಟ್ಟರೆ ಅದೇ ಎಲ್ಲವನ್ನೂ ಹುಟ್ಟುಹಾಕುತ್ತದೆ. ಮೊದಲು ಜೇಸನ್ ಅನ್ನುವ ಬರಹದ ರೂಪದಲ್ಲಿ ಮಾತ್ರ ಬರೆಯಬಹುದಿತ್ತು, 2016ರಿಂದ ಯಾಮಲ್ ಕೂಡ ನಡೆಯುತ್ತದೆ. ಅದನ್ನೇ ಟೈಪ್‌ಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವವರಿಗೆ ಟೈಪ್ ಫೈಲ್ ಬೇಕು. ಯಾವ ರಿಸೋರ್ಸಿಗೆ ಯಾವ ಪ್ರಾಪರ್ಟಿ ಇದೆ, ಯಾವುದು ಕಡ್ಡಾಯ ಅನ್ನೋದು ಅದರಲ್ಲಿರುತ್ತದೆ. ಟೈಲರ್ ಹತ್ತಿರ ಇರುವ ಅಳತೆ ಪುಸ್ತಕದ ಹಾಗೆ ಇದು. ಮಗು ಬೆಳೆದರೂ ಪುಸ್ತಕದಲ್ಲಿ ಹಳೇ ಅಳತೆಯೇ ಉಳಿದಿದ್ದರೆ ಬಟ್ಟೆ ಸರಿಯಾಗಲ್ಲ. ಅಮೆಜಾನ್ ಹೊಸ ಪ್ರಾಪರ್ಟಿ ಸೇರಿಸುತ್ತಲೇ ಇರುತ್ತದೆ, ನಿಮ್ಮ ಟೈಪ್ ಫೈಲ್ ಮಾತ್ರ 'ಅಂಥದ್ದೊಂದು ಇಲ್ಲವೇ ಇಲ್ಲ' ಅನ್ನುತ್ತಿರುತ್ತದೆ.

ಉದಾಹರಣೆಗೆ ಒಂದು ಸಣ್ಣ ಆಪ್ ಇಟ್ಟುಕೊಳ್ಳೋಣ. ಎಪಿಎಂಸಿಯ ಮೆಕ್ಕೆಜೋಳದ ದರವನ್ನು ರೈತರ ಫೋನಿಗೆ ಕಳಿಸುವ ಆಪ್. ದರ ಇಡಲು ಒಂದು ಡೈನಮೋಡಿಬಿ ಟೇಬಲ್, ದಿನಾ ದರ ತರಲು ಒಂದು ಲ್ಯಾಂಬ್ಡಾ ಫಂಕ್ಷನ್, ಆ ಫಂಕ್ಷನ್ನಿಗೆ ಅನುಮತಿ ಕೊಡುವ ಒಂದು ರೋಲ್. ಇಷ್ಟೇ ಸಾಕು.

ಮೊದಲು: ಮೂಲ ಎಲ್ಲಿಂದ

ಅಮೆಜಾನ್ ಕೊಡುವ ಮೂಲ ಫೈಲನ್ನು ಓದಿ ಟೈಪ್ ಫೈಲ್ ಬರೆಯುವ ಪ್ರೋಗ್ರಾಮೇ ಜನರೇಟರ್. ಅಂಥ ಎರಡು ಮೂಲ ಇವೆ. ಒಂದು ಹಳೆಯ ರಿಸೋರ್ಸ್ ಸ್ಪೆಸಿಫಿಕೇಶನ್, ಒಂದೇ ದೊಡ್ಡ ಜೇಸನ್ ಫೈಲ್. ಇನ್ನೊಂದು 2019ರಲ್ಲಿ ಬಂದ ರಿಜಿಸ್ಟ್ರಿಯ ಸ್ಕೀಮಾಗಳು, ಒಂದೊಂದು ರಿಸೋರ್ಸಿಗೆ ಒಂದೊಂದು ಫೈಲ್, ಜಿಪ್ ಆಗಿ ಸಿಗುತ್ತದೆ. ಹೊಸದಾಗಿ ಶುರು ಮಾಡುವವರು ಸ್ಕೀಮಾ ತೆಗೆದುಕೊಳ್ಳಿ. ಹಳೇ ಪ್ಯಾಕೇಜ್ ಆದರೆ ಈಗಾಗಲೇ ಯಾವುದರ ಮೇಲೆ ನಿಂತಿದೆಯೋ ಅದರಲ್ಲೇ ಮುಂದುವರಿಸಿ. ಮೂಲ ಬದಲಿಸೋದು ಮತ್ತು ಅಪ್‌ಡೇಟ್ ಮಾಡೋದು ಎರಡನ್ನೂ ಒಂದೇ ಪುಲ್ ರಿಕ್ವೆಸ್ಟಿನಲ್ಲಿ (ಮರ್ಜ್‌ಗೆ ಕೊಡುವ ಬದಲಾವಣೆಯ ಕಟ್ಟು) ತುರುಕಲೇಬೇಡಿ.

ಎರಡೂ ರೀಜನ್‌ವಾರು, ಅಂದರೆ ಅಮೆಜಾನ್ ಸರ್ವರ್‌ಗಳಿರುವ ಪ್ರದೇಶವಾರು ಸಿಗುತ್ತವೆ. ಯುಎಸ್-ಈಸ್ಟ್-1, ಅಂದರೆ ಉತ್ತರ ವರ್ಜೀನಿಯಾದ್ದು ತೆಗೆದುಕೊಳ್ಳಿ, ಅಲ್ಲಿ ಪಟ್ಟಿ ತುಂಬಿಕೊಂಡಿರುತ್ತದೆ. ಆದರೆ ನಿಮ್ಮ ಆಪ್ ಓಡೋದು ಮುಂಬೈಯಲ್ಲೋ 2022ರಲ್ಲಿ ಶುರುವಾದ ಹೈದರಾಬಾದ್ ರೀಜನ್‌ನಲ್ಲೋ ಆದರೆ, ಟೈಪ್ ಪಾಸ್ ಆಯ್ತು ಅಂದಮಾತ್ರಕ್ಕೆ ಆ ಸೌಲಭ್ಯ ಅಲ್ಲಿ ಇದೆ ಅಂತಲ್ಲ.

ಇಲ್ಲೊಂದು ಅಡ್ಡದಾರಿ ಬಗ್ಗೆ ಹೇಳಲೇಬೇಕು. ಈಗ ತುಂಬಾ ಜನ ಚಾಟ್‌ಬಾಟಿಗೆ 'ಈ ರಿಸೋರ್ಸಿನ ಟೈಪ್ ಬರೆದುಕೊಡು' ಅಂತ ಕೇಳುತ್ತಾರೆ. ಅದು ನೋಡಲು ಚೆಂದ ಇರುವ, ಆದರೆ ಇಲ್ಲದ ಪ್ರಾಪರ್ಟಿಯನ್ನೂ ಸೇರಿಸಿ ಕೊಡಬಹುದು. ಸಾವಿರಕ್ಕೂ ಹೆಚ್ಚು ರಿಸೋರ್ಸ್ ಟೈಪ್ ಇರುವ ಕಡೆ ಅದನ್ನು ಕಣ್ಣಲ್ಲಿ ಹಿಡಿಯೋಕೆ ಆಗಲ್ಲ. ಟೈಪ್ ಫೈಲ್ ಜನರೇಟರ್‌ನಿಂದಲೇ ಹುಟ್ಟಬೇಕು. ಕೈಯಲ್ಲಿ ತಿದ್ದಿದ ಸಾಲು ಮುಂದಿನ ಸಲ ಜನರೇಟ್ ಮಾಡಿದಾಗ ಅಳಿಸಿಹೋಗುತ್ತದೆ, ಯಾಕೆ ತಿದ್ದಿದ್ದು ಅಂತಲೂ ಯಾರಿಗೂ ನೆನಪಿರಲ್ಲ.

ಜನರೇಟ್ ಮಾಡಿ

ಜನರೇಟರ್ ಕಮಾಂಡ್ ಓಡಿಸಿ. ಮೂಲ ಫೈಲನ್ನೂ ಗಿಟ್‌ಗೆ (ಕೋಡಿನ ಹಳೇ ಆವೃತ್ತಿಗಳನ್ನು ಇಟ್ಟುಕೊಳ್ಳುವ ಸಾಧನ) ಹಾಕಿ, ಮುಂದಿನ ಸಲ ಹೋಲಿಸಲು ಬೇಕಾಗುತ್ತದೆ.

ಡಿಫ್ ಓದಿ: ನಿಜವಾದ ಕೆಲಸ ಇಲ್ಲಿದೆ

ಮೊದಲು ಗದ್ದಲ ಕಡಿಮೆ ಮಾಡಿ. ಹಳೇ ಸ್ಪೆಸಿಫಿಕೇಶನ್ ಆದರೆ ಪ್ರತಿ ಪ್ರಾಪರ್ಟಿಗೂ ಡಾಕ್ಯುಮೆಂಟೇಶನ್ ಲಿಂಕ್ ಇರುತ್ತದೆ. ಲಿಂಕ್ ಬದಲಾದರೆ ಸಾವಿರಾರು ಸಾಲು ಬದಲಾದ ಹಾಗೆ ಕಾಣುತ್ತದೆ, ಓದುವವನು ಅಲ್ಲೇ ಕೈಚೆಲ್ಲುತ್ತಾನೆ. ಜೇಸನ್ ತಿದ್ದುವ ಜೆಕ್ಯೂ ಅನ್ನುವ ಸಾಧನ ಬಳಸಿ ಹಳೇದು ಹೊಸದು ಎರಡರಲ್ಲೂ ಆ ಲಿಂಕುಗಳನ್ನು ತೆಗೆಯಿರಿ, ಕೀಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿ, ಆಮೇಲೆ ಡಿಫ್ ನೋಡಿ. ಉಳಿಯೋದು ಓದುವಷ್ಟೇ ಇರುತ್ತದೆ.

ಈಗ ನೋಡಬೇಕಾದದ್ದು ಕಡ್ಡಾಯದ ಬದಲಾವಣೆ. ನಮ್ಮ ದರದ ಲ್ಯಾಂಬ್ಡಾವನ್ನೇ ತೆಗೆದುಕೊಳ್ಳಿ. 2020ರ ಡಿಸೆಂಬರ್‌ನಲ್ಲಿ ಲ್ಯಾಂಬ್ಡಾ ಫಂಕ್ಷನ್ನನ್ನು ಕಂಟೇನರ್ ಇಮೇಜ್ (ಕೋಡ್ ಮತ್ತು ಅದಕ್ಕೆ ಬೇಕಾದ್ದೆಲ್ಲ ತುಂಬಿದ ಕಟ್ಟು) ಆಗಿಯೂ ಕೊಡಬಹುದು ಅಂತ ಅಮೆಜಾನ್ ಹೇಳಿತು. ಇಮೇಜ್ ಕೊಟ್ಟರೆ ಹ್ಯಾಂಡ್ಲರ್ (ಯಾವ ಫೈಲಿನ ಯಾವ ಫಂಕ್ಷನ್ ಓಡಬೇಕು ಅನ್ನೋದು), ರನ್‌ಟೈಮ್ (ಯಾವ ಭಾಷೆಯ ಯಾವ ಆವೃತ್ತಿ ಅನ್ನೋದು) ಎರಡನ್ನೂ ಟೆಂಪ್ಲೇಟಿನಲ್ಲಿ ಬರೆಯಬೇಕಾಗಿಲ್ಲ. ಹಾಗಾಗಿ ಅವು ಕಡ್ಡಾಯದ ಪಟ್ಟಿಯಲ್ಲಿಲ್ಲ, ಕೋಡ್ ಮತ್ತು ರೋಲ್ ಮಾತ್ರ ಕಡ್ಡಾಯ. ಟೈಪ್ ಫೈಲಿನಲ್ಲಿ ಇದು ಹ್ಯಾಂಡ್ಲರ್ ಹೆಸರಿನ ಪಕ್ಕ ಬಂದು ಕೂರುವ ಒಂದು ಪ್ರಶ್ನಾರ್ಥಕ ಚಿಹ್ನೆ (ಐಚ್ಛಿಕ ಅನ್ನುವ ಗುರುತು), ಅಷ್ಟೇ. 'ಸಡಿಲ ಮಾಡಿದ್ದು ತಾನೆ, ಯಾರಿಗೇನು ತೊಂದರೆ' ಅಂತ ಅನ್ನಿಸುತ್ತದೆ, ಅಲ್ವಾ? ಟೆಂಪ್ಲೇಟ್ ಬರೆಯುವವರಿಗೆ ತೊಂದರೆ ಇಲ್ಲ, ನಿಜ. ಆದರೆ ಟೆಂಪ್ಲೇಟನ್ನು ಓದುವ ಕೋಡ್ ಕೂಡ ಇರುತ್ತದೆ. ಹ್ಯಾಂಡ್ಲರ್ ಹೆಸರನ್ನು ಚುಕ್ಕಿ ಇರುವಲ್ಲಿ ತುಂಡರಿಸಿ ಫೈಲ್ ಹುಡುಕುವ ಒಂದು ಸಣ್ಣ ಫಂಕ್ಷನ್ ಯಾರದ್ದೋ ರೆಪೊಸಿಟರಿಯಲ್ಲಿ ಕೂತಿರುತ್ತದೆ. ನಿನ್ನೆವರೆಗೆ ಹ್ಯಾಂಡ್ಲರ್ ಖಂಡಿತ ಸ್ಟ್ರಿಂಗ್ (ಅಕ್ಷರಗಳ ಸಾಲು), ಇವತ್ತು ಅನ್‌ಡಿಫೈನ್ಡ್ (ಏನೂ ಇಲ್ಲದ್ದು) ಇರಬಹುದು. ಟೈಪ್‌ಸ್ಕ್ರಿಪ್ಟ್‌ನ ಬಿಗಿ ತಪಾಸಣೆ, ಅಂದರೆ ಸ್ಟ್ರಿಕ್ಟ್ ಮೋಡ್ ಇದ್ದರೆ ಅವರ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಕಡ್ಡಾಯ ಅಲ್ಲದ್ದು ಕಡ್ಡಾಯವಾದರೆ ಬರೆಯುವವರಿಗೆ ಪೆಟ್ಟು, ಕಡ್ಡಾಯದ್ದು ಐಚ್ಛಿಕವಾದರೆ ಓದುವವರಿಗೆ ಪೆಟ್ಟು. ಎರಡನ್ನೂ ಪಟ್ಟಿ ಮಾಡಿಟ್ಟುಕೊಳ್ಳಿ.

ಇನ್ನೊಂದು ಮಾತು, ಫಂಕ್ಷನ್ನನ್ನು ಜಿಪ್ ಆಗಿ ಕೊಡುವವರಿಗೆ ಹ್ಯಾಂಡ್ಲರ್ ಈಗಲೂ ಬೇಕು. ಸಾಮಾನ್ಯ ಟೈಪ್ ಫೈಲಿಗೆ ಆ ಷರತ್ತು ಗೊತ್ತಿರಲ್ಲ. ಅದಕ್ಕೇ ಟೈಪ್ ಇದ್ದರೂ ಟೆಂಪ್ಲೇಟ್ ತಪಾಸಣೆ ಮಾಡುವ ಸಿಎಫ್‌ಎನ್-ಲಿಂಟ್ ಓಡಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಆಮೇಲೆ ಹೆಸರುಗಳು. ಒಳಗಿನ ಟೈಪ್‌ಗಳ ಹೆಸರು ಬೇರೆ ಬೇರೆ ಸರ್ವೀಸಿನಲ್ಲಿ ಒಂದೇ ಇರುತ್ತದೆ. ಕಂಟೇನರ್ ಇಮೇಜ್ ಇಡುವ ಇಸಿಆರ್ ರೆಪೊಸಿಟರಿಗೂ ಎನ್‌ಕ್ರಿಪ್ಶನ್‌ಕಾನ್ಫಿಗರೇಶನ್ ಇದೆ, ಡೇಟಾದಲ್ಲಿ ಹುಡುಕುವ ಅಥೀನಾದ ವರ್ಕ್‌ಗ್ರೂಪಿಗೂ ಇದೆ. ಮೊದಲನೆಯದರಲ್ಲಿ ಎನ್‌ಕ್ರಿಪ್ಶನ್‌ಟೈಪ್ ಕಡ್ಡಾಯ, ಎರಡನೆಯದರಲ್ಲಿ ಎನ್‌ಕ್ರಿಪ್ಶನ್‌ಆಪ್ಶನ್ ಕಡ್ಡಾಯ. ಜನರೇಟರ್ ಸರ್ವೀಸಿನ ಹೆಸರು ಬಿಟ್ಟು ಎರಡನ್ನೂ ಒಂದೇ ಫೈಲಿಗೆ ಇಂಟರ್‌ಫೇಸ್ (ಟೈಪ್ ಬರೆಯುವ ಒಂದು ಬಗೆ) ಆಗಿ ಬರೆದರೆ ಏನಾಗುತ್ತೆ ಗೊತ್ತಾ? ಎರರ್ ಬರಲ್ಲ. ಒಂದೇ ಹೆಸರಿನ ಇಂಟರ್‌ಫೇಸ್‌ಗಳನ್ನು ಟೈಪ್‌ಸ್ಕ್ರಿಪ್ಟ್ ಸದ್ದಿಲ್ಲದೆ ಕೂಡಿಸಿಬಿಡುತ್ತದೆ. ಆಗ ಇಸಿಆರ್ ಬಳಸುವವರಿಗೆ ಅಥೀನಾದ ಪ್ರಾಪರ್ಟಿಯೂ ಕಡ್ಡಾಯ ಅಂತ ತೋರಿಸುತ್ತದೆ. ಪೂರ್ತಿ ಹೆಸರು ಇಡಿ, ಉದ್ದವಾದರೆ ಆಗಲಿ.

ತನ್ನೊಳಗೆ ತಾನೇ ಬರುವ ಟೈಪ್‌ಗಳನ್ನೂ ಹುಡುಕಿ. ವೆಬ್ ಫೈರ್‌ವಾಲಿನ ಸ್ಟೇಟ್‌ಮೆಂಟ್ ಒಳಗೆ ಆಂಡ್, ಆರ್, ನಾಟ್ ಇವೆ, ಅವುಗಳ ಒಳಗೆ ಮತ್ತೆ ಸ್ಟೇಟ್‌ಮೆಂಟ್. ಎಲ್ಲವನ್ನೂ ಬಿಡಿಸಿ ಒಂದೇ ಕಡೆ ಬರೆಯುವ ಜನರೇಟರ್ ಇಲ್ಲಿ ಸುತ್ತುತ್ತಲೇ ಇರುತ್ತದೆ, ಇಲ್ಲವೇ 'ಎನಿ', ಅಂದರೆ ಏನಿದ್ದರೂ ಸರಿ, ಅಂತ ಬರೆದು ಪಾರಾಗುತ್ತದೆ. ಡಿಫ್‌ನಲ್ಲಿ ಹೊಸ 'ಎನಿ' ಕಂಡಲ್ಲೆಲ್ಲ ನಿಂತು ನೋಡಿ.

ಸ್ಕೀಮಾ ಬಳಸುವವರಿಗೆ ಒಂದು ವಿಶೇಷ ಎಚ್ಚರಿಕೆ. ಅದರಲ್ಲಿ ರೀಡ್ ಓನ್ಲಿ ಪ್ರಾಪರ್ಟಿಗಳ ಪಟ್ಟಿ ಬೇರೆಯೇ ಇರುತ್ತದೆ. ನಮ್ಮ ಟೇಬಲ್ಲಿನ ಎಆರ್‌ಎನ್ (ರಿಸೋರ್ಸಿನ ಪೂರ್ತಿ ವಿಳಾಸದಂಥ ಹೆಸರು) ಅಂಥದ್ದು, ಟೇಬಲ್ ಹುಟ್ಟಿದ ಮೇಲೆ ಅಮೆಜಾನ್ ಕೊಡೋದು, ನಾವು ಬರೆಯೋದಲ್ಲ. ಜನರೇಟರ್ ಈ ಪಟ್ಟಿ ನೋಡದಿದ್ದರೆ ಅದೂ ಬರೆಯಬಹುದಾದ ಪ್ರಾಪರ್ಟಿಯಾಗಿ ಟೈಪಿನಲ್ಲಿ ಬಂದುಬಿಡುತ್ತದೆ. ಬರೆದವನಿಗೆ ಕಂಪೈಲ್ ಆಗುತ್ತದೆ, ಡಿಪ್ಲಾಯ್ ಆಗಲ್ಲ.

ಸ್ಟ್ರಿಂಗ್ ಅಂದರೆ ಬರೀ ಸ್ಟ್ರಿಂಗ್ ಅಲ್ಲ

ಮೂಲ ಫೈಲಿನಲ್ಲಿ ಲ್ಯಾಂಬ್ಡಾದ ರೋಲ್ ಸ್ಟ್ರಿಂಗ್ ಅಂತಲೇ ಇದೆ. ಆದರೆ ಅಲ್ಲಿ ಯಾರೂ ನೇರವಾಗಿ ಸ್ಟ್ರಿಂಗ್ ಬರೆಯೋದು ಕಡಿಮೆ. ಅದೇ ಟೆಂಪ್ಲೇಟಿನ ರೋಲನ್ನು ಗೆಟ್‌ಆಟ್ ಮೂಲಕ ತೋರಿಸುತ್ತಾರೆ, ಅದು ಒಂದು ಆಬ್ಜೆಕ್ಟ್. ರೆಫ್, ಸಬ್, ಜಾಯಿನ್, ಇಫ್ ಎಲ್ಲವೂ ಹಾಗೇ, ಇವಕ್ಕೆ ಇಂಟ್ರಿನ್ಸಿಕ್ ಫಂಕ್ಷನ್ ಅನ್ನುತ್ತಾರೆ. ಆದ್ದರಿಂದ ಪ್ರತಿ ಸ್ಟ್ರಿಂಗ್, ನಂಬರ್, ಬೂಲಿಯನ್ ಜೊತೆಗೆ 'ಅಥವಾ ಇಂಟ್ರಿನ್ಸಿಕ್ ಫಂಕ್ಷನ್' ಅನ್ನುವುದು ಟೈಪಿನಲ್ಲಿ ಇರಲೇಬೇಕು. ಪಟ್ಟಿಗಳಿಗೂ ಬೇಕು, ಪಟ್ಟಿಯ ಒಂದೊಂದು ಐಟಮ್ಮಿಗೂ ಬೇಕು. ಇದನ್ನು ಬಿಟ್ಟ ಪ್ಯಾಕೇಜುಗಳು ಈಗಲೂ ಸಿಗುತ್ತವೆ. ಅವುಗಳನ್ನು ಬಳಸುವವರ ಕೋಡಿನಲ್ಲಿ ಸಾಲು ಸಾಲಿಗೆ 'ಆ್ಯಸ್ ಎನಿ' ಇರುತ್ತದೆ, ಅಂದಮೇಲೆ ಟೈಪ್ ಇದ್ದೂ ಪ್ರಯೋಜನ ಇಲ್ಲ.

ರನ್‌ಟೈಮ್ ಹೆಸರುಗಳನ್ನು ಮುಚ್ಚಿದ ಪಟ್ಟಿ ಮಾಡಬೇಡಿ, ಸ್ಟ್ರಿಂಗ್ ಆಗಿಯೇ ಬಿಡಿ. ಪಟ್ಟಿ ಮುಚ್ಚಿದರೆ, ಪೈಥಾನ್ 3.12 ಲ್ಯಾಂಬ್ಡಾಕ್ಕೆ ಬಂದ ದಿನವೇ ಅದನ್ನು ಬಳಸಬೇಕು ಅನ್ನುವವನು ನಿಮ್ಮ ಪ್ಯಾಕೇಜಿನ ಮುಂದಿನ ಬಿಡುಗಡೆಗೆ ಕಾಯಬೇಕಾಗುತ್ತದೆ.

ಕಾಮೆಂಟಿನಲ್ಲಿ ಒಂದು ಮಾಹಿತಿ ಮಾತ್ರ ಖಂಡಿತ ಹಾಕಿ: ಈ ಪ್ರಾಪರ್ಟಿ ಬದಲಿಸಿದರೆ ರಿಸೋರ್ಸ್ ಹೊಸದಾಗಿ ಹುಟ್ಟುತ್ತದೆಯೇ? ಸ್ಪೆಸಿಫಿಕೇಶನ್‌ನಲ್ಲಿ ಅಪ್‌ಡೇಟ್‌ಟೈಪ್ ಇಮ್ಮ್ಯೂಟಬಲ್ ಅಂತ ಇದ್ದರೆ ಹೌದು. ದರದ ಟೇಬಲ್ಲಿನ ಹೆಸರಲ್ಲಿ ಒಂದು ಅಕ್ಷರ ತಿದ್ದಿದರೂ ಖಾಲಿ ಹೊಸ ಟೇಬಲ್ ಬರುತ್ತದೆ, ಉಳಿಸಿಕೊಳ್ಳುವ ಪಾಲಿಸಿ ಹಾಕಿಲ್ಲದಿದ್ದರೆ ದರ ತುಂಬಿದ ಹಳೇದು ಅಳಿಸಿಹೋಗುತ್ತದೆ. ಎಡಿಟರ್‌ನಲ್ಲಿ ಮೌಸ್ ಇಟ್ಟಾಗ ಇದು ಕಂಡರೆ ಎಷ್ಟೋ ಅನಾಹುತ ತಪ್ಪುತ್ತದೆ.

ಟೆಸ್ಟ್

ಟೈಪಿಗೆ ಟೆಸ್ಟ್ ಅಂದರೆ ಕಂಪೈಲ್ ಆಗೋದು ಮತ್ತು ಆಗದಿರೋದು. ಸರಿಯಾದ ಟೆಂಪ್ಲೇಟ್ ಒಂದು ಇಡಿ. ತಪ್ಪಿರುವುದು ಕೆಲವು ಇಡಿ, ಅವುಗಳ ಮೇಲೆ ಟಿಎಸ್-ಎಕ್ಸ್‌ಪೆಕ್ಟ್-ಎರರ್ ಬರೆಯಿರಿ. ತಪ್ಪು ಹಿಡಿಯದಿದ್ದರೆ ಟೆಸ್ಟ್ ಬೀಳುತ್ತದೆ. ಟಿಎಸ್-ಇಗ್ನೋರ್ ಬೇಡ, ಅದು ತಪ್ಪಿದ್ದರೂ ಇಲ್ಲದಿದ್ದರೂ ಸುಮ್ನೆ ಇರುತ್ತದೆ. ಸ್ಕಿಪ್‌ಲಿಬ್‌ಚೆಕ್ ಆಫ್ ಮಾಡಿಯೇ ಪರೀಕ್ಷಿಸಿ. ಅದು ಆನ್ ಇದ್ದರೆ ಡಿಕ್ಲರೇಶನ್ ಫೈಲಿನ ಒಳಗಿನ ತಪ್ಪುಗಳನ್ನು ಕಂಪೈಲರ್ ನೋಡುವುದೇ ಇಲ್ಲ. ಆಮೇಲೆ ಈ ಪ್ಯಾಕೇಜ್ ಬಳಸುವ ಒಂದು ನಿಜವಾದ ಪ್ರಾಜೆಕ್ಟಿನಲ್ಲಿ ಹಾಕಿ ಬಿಲ್ಡ್ ಮಾಡಿ.

ಬಿಡುಗಡೆ

ಹೊಸ ರಿಸೋರ್ಸ್, ಹೊಸ ಐಚ್ಛಿಕ ಪ್ರಾಪರ್ಟಿ ಮಾತ್ರ ಇದ್ದರೆ ಆವೃತ್ತಿ ನಂಬರಿನಲ್ಲಿ ಮೈನರ್ (ಸಣ್ಣ ಬದಲಾವಣೆ) ಏರಿಸಿ. ಪ್ರಾಪರ್ಟಿ ಹೋಗಿದ್ದರೆ, ಕಡ್ಡಾಯ ಬದಲಾಗಿದ್ದರೆ, ಟೈಪಿನ ಹೆಸರು ಬದಲಾಗಿದ್ದರೆ ಮೇಜರ್ (ಹಳೇ ಕೋಡ್ ಮುರಿಯಬಹುದಾದ ಬದಲಾವಣೆ). ತಪ್ಪು ಅಮೆಜಾನ್‌ನದೇ ಇರಲಿ, ಪೆಟ್ಟು ಬೀಳೋದು ನಿಮ್ಮ ಬಳಕೆದಾರರಿಗೆ. ಡಿಫ್ ಓದುವಾಗ ಮಾಡಿಟ್ಟ ಪಟ್ಟಿಯನ್ನೇ ಚೇಂಜ್‌ಲಾಗಿಗೆ ಹಾಕಿ. ಪಬ್ಲಿಷ್ ಮಾಡುವ ಮುಂಚೆ ಎನ್‌ಪಿಎಂನ (ಪ್ಯಾಕೇಜ್ ಹಂಚುವ ವ್ಯವಸ್ಥೆ) ಪ್ಯಾಕ್ ಕಮಾಂಡನ್ನು ಡ್ರೈ ರನ್ (ಬರೀ ಪರೀಕ್ಷೆಗೆ ಓಡಿಸುವುದು) ಮಾಡಿ ಟೈಪ್ ಫೈಲ್ ಒಳಗಿದೆಯಾ ನೋಡಿ.

ಕೆಟ್ಟ ಆವೃತ್ತಿ ಹೊರಗೆ ಹೋಗಿಬಿಟ್ಟರೆ ಗಾಬರಿಯಿಂದ ಅನ್‌ಪಬ್ಲಿಷ್ ಮಾಡಬೇಡಿ. 72 ಗಂಟೆಯೊಳಗೆ ಅದು ಸಾಧ್ಯ, ಆದರೆ ಬೇರೆ ಪ್ಯಾಕೇಜ್ ಯಾವುದೂ ಅದರ ಮೇಲೆ ನಿಂತಿರಬಾರದು, ಮತ್ತು ತೆಗೆದ ಆವೃತ್ತಿಯ ನಂಬರನ್ನು ಮತ್ತೆ ಬಳಸಲು ಬರಲ್ಲ. ಆ ಆವೃತ್ತಿಯನ್ನು ಡಿಪ್ರಿಕೇಟ್ ಮಾಡಿ, ಅಂದರೆ ಬಳಸಬೇಡಿ ಅಂತ ಗುರುತು ಹಾಕಿ, ಏನು ತಪ್ಪು, ಯಾವುದಕ್ಕೆ ಹೋಗಬೇಕು ಅಂತ ಒಂದು ಸಾಲು ಬರೆಯಿರಿ, ಸರಿ ಮಾಡಿದ್ದನ್ನು ಮುಂದಿನ ನಂಬರಿನಲ್ಲಿ ಬಿಡಿ.