ಶಿಕೋಕುವಿನ 439ನೇ ಹೆದ್ದಾರಿ: ಕಾರು ಓಡಿಸುವವರಿಗೆ ಒಂದು ಕೈಪಿಡಿ

ಜಪಾನಿನ ಶಿಕೋಕು ದ್ವೀಪದಲ್ಲಿ, ಪೂರ್ವದ ತೊಕುಶಿಮಾ ನಗರದಿಂದ ನೈಋತ್ಯದ ಶಿಮಾಂತೊ ನಗರದವರೆಗೆ ಬೆಟ್ಟಗಳ ನಡುವಿನ ಸಣ್ಣ ಊರುಗಳನ್ನು ಪೋಣಿಸುತ್ತ ಸುಮಾರು 350 ಕಿಲೋಮೀಟರ್ ಸಾಗುವ ರಸ್ತೆಯೇ ರಾಷ್ಟ್ರೀಯ ಹೆದ್ದಾರಿ 439. ನಾಲ್ಕಕ್ಕೆ ‘ಯೊ’, ಮೂರಕ್ಕೆ ‘ಸ’, ಒಂಬತ್ತಕ್ಕೆ ‘ಕು’ ಎಂದು ಅಂಕಿಗಳನ್ನು ಕೂಡಿಸಿ ಜನ ಇದನ್ನು ‘ಯೊಸಕು’ ಎಂದು ಕರೆಯುತ್ತಾರೆ. ರಾಷ್ಟ್ರೀಯ ಹೆದ್ದಾರಿಗೆ ಜಪಾನಿ ಭಾಷೆಯಲ್ಲಿ ‘ಕೊಕುದೋ’ ಎಂಬ ಹೆಸರಿದೆ. ಮೊದಲ ಅಕ್ಷರವನ್ನು ಬದಲಿಸಿ ಬರೆದರೆ ಅದೇ ಉಚ್ಚಾರಣೆಗೆ ‘ಘೋರ ರಸ್ತೆ’ ಎಂಬ ಅರ್ಥ ಬರುತ್ತದೆ. ಆ ಎರಡನೆಯ ಅರ್ಥಕ್ಕೆ ಉದಾಹರಣೆ ಕೊಡುವಾಗ ಮೊದಲಿಗೆ ನೆನಪಾಗುವ ರಸ್ತೆಗಳಲ್ಲಿ ಯೊಸಕು ಒಂದು. ಆದ್ದರಿಂದ ಹೆದ್ದಾರಿ ಎಂಬ ಹೆಸರನ್ನು ನಂಬಿ ಗಂಟೆಗೆ ಅರವತ್ತು ಕಿಲೋಮೀಟರ್ ಲೆಕ್ಕದಲ್ಲಿ ಪ್ರಯಾಣ ಯೋಜಿಸಬೇಡಿ. ಬೆಟ್ಟದ ಭಾಗದಲ್ಲಿ ಇಪ್ಪತ್ತೈದು ಮೂವತ್ತರ ಲೆಕ್ಕವಿಟ್ಟುಕೊಂಡು, ಇಡೀ ದಾರಿಗೆ ಮೂರು ಹಗಲುಗಳನ್ನು ಮೀಸಲಿಡಿ.

ಪರವಾನಗಿಯ ಕೆಲಸ ಊರಿನಲ್ಲೇ ಮುಗಿಯಬೇಕು. 1949ರ ಜಿನೀವಾ ಒಪ್ಪಂದದ ಮಾದರಿಯ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಜಪಾನ್ ಮಾನ್ಯ ಮಾಡುತ್ತದೆ. ಭಾರತದ ಆರ್‌ಟಿಒ ಕಚೇರಿಗಳು ಕೊಡುವುದು ಇದನ್ನೇ, ಅದರ ಅವಧಿ ಒಂದು ವರ್ಷ. ಅದರೊಂದಿಗೆ ಮೂಲ ಪರವಾನಗಿ ಮತ್ತು ಪಾಸ್‌ಪೋರ್ಟ್ ಸದಾ ಕೈಯಲ್ಲಿರಲಿ. ಅಲ್ಲಿಯೂ ವಾಹನಗಳು ಎಡಬದಿಯಲ್ಲೇ ಚಲಿಸುವುದರಿಂದ ಆಗುಂಬೆ, ಚಾರ್ಮಾಡಿಗಳಲ್ಲಿ ಪಳಗಿದ ಕೈಗೆ ಸ್ಟೀರಿಂಗ್ ಹೊಸದೆನಿಸುವುದಿಲ್ಲ. ಆದರೆ ಕೆಂಪು ದೀಪವಿರುವಾಗ ಎಡಕ್ಕೆ ತಿರುಗುವಂತಿಲ್ಲ. ತಲೆಕೆಳಗಾದ ಕೆಂಪು ತ್ರಿಕೋನದ ಫಲಕವಿದ್ದಲ್ಲಿ ಮತ್ತು ರೈಲ್ವೆ ಗೇಟಿನ ಮುಂದೆ, ರಸ್ತೆ ಖಾಲಿಯಿದ್ದರೂ ಚಕ್ರ ಪೂರ್ತಿ ನಿಲ್ಲಲೇಬೇಕು.

ಬಾಡಿಗೆಗೆ ‘ಕೆಯ್’ ವರ್ಗದ ಕಾರನ್ನೇ ಪಡೆಯಿರಿ. ಅದರ ಎಂಜಿನ್ 660 ಸಿಸಿ ಮೀರುವುದಿಲ್ಲ, ಅಗಲ 1.48 ಮೀಟರ್ ದಾಟುವುದಿಲ್ಲ. ನಮ್ಮ ಹಳೆಯ ಮಾರುತಿ 800ನ್ನು ನೆನೆದರೆ ಅಂದಾಜು ಸಿಗುತ್ತದೆ. ಐದಾರು ಜನರಿದ್ದೇವೆ ಎಂದು ದೊಡ್ಡ ವ್ಯಾನ್ ಹಿಡಿಯುವುದಕ್ಕಿಂತ ಎರಡು ಸಣ್ಣ ಕಾರುಗಳನ್ನು ಪಡೆಯುವುದೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಂಧನ ತುಂಬಿಸುವಾಗ ಒಂದು ಮಾತು ನೆನಪಿರಲಿ: ಜಪಾನಿನಲ್ಲಿ ಡೀಸೆಲ್‌ಗೆ ‘ಕೆಯ್‌ಯು’ ಎನ್ನುತ್ತಾರೆ, ಆದರೆ ಕೆಯ್ ಕಾರು ಕುಡಿಯುವುದು ಪೆಟ್ರೋಲನ್ನು. ಹೆಸರಿನ ಸಾಮ್ಯದಿಂದ ಮೋಸಹೋಗದೆ ಕೆಂಪು ಬಣ್ಣದ ನಾಝಲ್ಲನ್ನೇ ಎತ್ತಿಕೊಳ್ಳಿ, ಹಸಿರು ಡೀಸೆಲ್ಲಿನದು. ಬೆಟ್ಟದ ಊರುಗಳ ಬಂಕ್‌ಗಳು ಸಂಜೆಗೆ ಬಾಗಿಲು ಹಾಕುವುದುಂಟು, ಹಾಗಾಗಿ ಟ್ಯಾಂಕ್ ಅರ್ಧಕ್ಕಿಳಿದ ಕೂಡಲೇ ತುಂಬಿಸಿ.

ತೊಕುಶಿಮಾದಿಂದ ಹೊರಟಾಗ 439ರ ಫಲಕ ಕಾಣದಿದ್ದರೆ ಗಾಬರಿಯಾಗಬೇಡಿ. ಕಾಮಿಯಾಮಾ ದಾಟಿ ಮಿನೊಕೊಶಿ ತಲುಪುವವರೆಗೆ ಇದು 438ನೇ ಹೆದ್ದಾರಿಯೊಡನೆ ಒಂದೇ ದಾರಿಯಲ್ಲಿ ಸಾಗುತ್ತದೆ. ಸುಮಾರು 1,400 ಮೀಟರ್ ಎತ್ತರದ ಮಿನೊಕೊಶಿಯಿಂದ 1,955 ಮೀಟರಿನ ತ್ಸುರುಗಿ ಶಿಖರದ ಕಡೆಗೆ ಕುರ್ಚಿ ಲಿಫ್ಟ್ ಇದೆ. ಚಳಿಗಾಲದಲ್ಲಿ ಇಲ್ಲಿ ಹಿಮ ಬಿದ್ದು ರಸ್ತೆ ಮುಚ್ಚುತ್ತದೆ. ಬೇಸಿಗೆಯ ಕೊನೆಗೆ ಚಂಡಮಾರುತ ಬಂದುಹೋದ ಮೇಲೆ ಗುಡ್ಡ ಕುಸಿಯುವುದೂ ಉಂಟು. ಮೇ ತಿಂಗಳು ಅಥವಾ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗಿನ ಕಾಲ ಒಳ್ಳೆಯದು. ಪ್ರತಿದಿನ ಹೊರಡುವ ಮುನ್ನ ಉಳಿದುಕೊಂಡ ಮನೆಯವರನ್ನು ‘ತ್ಸೂಕೋದೊಮೆ’, ಅಂದರೆ ರಸ್ತೆ ಬಂದ್, ಇದೆಯೇ ಎಂದು ಕೇಳಿಯೇ ಹೊರಡಿ.

ಮಿನೊಕೊಶಿಯಿಂದ ಇಯಾ ಕಣಿವೆಗಿಳಿಯುವ ದಾರಿ ಈ ಪ್ರಯಾಣದ ಜೀವಾಳ. ಎರಡೂ ಬದಿಗೆ ಒತ್ತಾಗಿ ನಿಂತ ಸುಗಿ (ಜಪಾನಿ ಸೀಡರ್) ಮರಗಳಿಂದಾಗಿ ಮಧ್ಯಾಹ್ನವೂ ಮಬ್ಬಾಗಿರುತ್ತದೆ; ಒದ್ದೆ ಡಾಂಬರಿನ ಮೇಲೆ ಉದುರಿದ ಸುಗಿ ಕಡ್ಡಿಗಳು ಚಕ್ರದಡಿ ಜಾರುತ್ತವೆ. ಇದಕ್ಕಿಂತ ಅಪಾಯಕಾರಿಯಾದದ್ದು ಗುಡ್ಡದ ಬದಿಯ ಚರಂಡಿ. ಅದಕ್ಕೆ ಹಲವೆಡೆ ಮುಚ್ಚಳವಿಲ್ಲ, ಮೇಲೆ ಎಲೆ ಮುಚ್ಚಿಕೊಂಡು ಗಟ್ಟಿ ನೆಲದಂತೆಯೇ ತೋರುತ್ತದೆ. ಎದುರಿಗೆ ಮರದ ದಿಮ್ಮಿ ಹೊತ್ತ ಲಾರಿ ಬಂದಾಗ ಗಡಿಬಿಡಿಯಲ್ಲಿ ಬದಿಗೆ ಒತ್ತಿದವರ ಚಕ್ರ ಸಿಕ್ಕಿಕೊಳ್ಳುವುದು ಅದರಲ್ಲೇ. ಅಂಥ ಸಂದರ್ಭದಲ್ಲಿ ಮೊದಲು ನಿಲ್ಲಿಸಿ. ಆಮೇಲೆ, ರಸ್ತೆ ತುಸು ಅಗಲವಾದ ಜಾಗ ಯಾರಿಗೆ ಹತ್ತಿರವಿದೆಯೋ ಅವರು ಹಿಂದೆ ಸರಿಯಬೇಕು. ಹಾಗಾಗಿ ದಾರಿಯುದ್ದಕ್ಕೂ ಹಿಂದೆ ಬಿಟ್ಟ ಪ್ರತಿಯೊಂದು ಅಗಲ ಜಾಗವನ್ನೂ ಮನಸ್ಸಿನಲ್ಲಿ ಗುರುತಿಟ್ಟುಕೊಳ್ಳಿ. ಹಿಮ್ಮುಖವಾಗಿ ಓಡಿಸುವುದು ಕಷ್ಟವೆನಿಸಿದರೆ ಜೊತೆಯವರನ್ನು ಕೆಳಗಿಳಿಸಿ, ಚರಂಡಿಯ ಅಂಚು ನೋಡಿ ಹೇಳುವಂತೆ ಕೇಳಿಕೊಳ್ಳಿ. ಆ ಲಾರಿಯವರಿಗೆ ಇದು ದಿನನಿತ್ಯ ಬದುಕು ನಡೆಸುವ ದಾರಿ, ಅವರು ತಾಳ್ಮೆಯಿಂದ ಕಾಯುತ್ತಾರೆ.

ತಿರುವುಗಳಲ್ಲಿ ನಿಲ್ಲಿಸಿದ ಗುಂಡು ಕನ್ನಡಿಗಳನ್ನು ತಪ್ಪದೆ ನೋಡಿ. ನಮ್ಮ ಘಾಟಿಗಳಲ್ಲಿ ತಿರುವು ಬಂದೊಡನೆ ಹಾರನ್ ಒತ್ತುವುದು ರೂಢಿ. ಅಲ್ಲಿ ನೀಲಿ ವೃತ್ತದೊಳಗೆ ಹಾರನ್ನಿನ ಚಿಹ್ನೆಯಿರುವಲ್ಲಿ ಒತ್ತಲೇಬೇಕು, ಉಳಿದೆಡೆ ಅಪಾಯ ತಪ್ಪಿಸುವುದಕ್ಕಲ್ಲದೆ ಒತ್ತಬಾರದು. ಕತ್ತಲಾದ ಮೇಲೆ ಈ ಭಾಗದಲ್ಲಿ ಓಡಿಸುವುದೇ ಬೇಡ.

ಕಣಿವೆಯಲ್ಲಿ ಆತುರ ಪಡಬೇಡಿ. ಓಕು-ಇಯಾದಲ್ಲಿ ಕಾಡುಬಳ್ಳಿಯಿಂದ ಹೆಣೆದ ಎರಡು ತೂಗುಸೇತುವೆಗಳು ಗಂಡ ಹೆಂಡತಿ ಎಂಬ ಹೆಸರಿನಲ್ಲಿ ಅಕ್ಕಪಕ್ಕ ನಿಂತಿವೆ. ಸ್ವಲ್ಪ ಕೆಳಗೆ ನಾಗೊರೊ ಎಂಬ ಹಳ್ಳಿಯಿದೆ. ಅಲ್ಲಿ ಬದುಕಿರುವವರಿಗಿಂತ ಬಟ್ಟೆಯ ಬೊಂಬೆಗಳೇ ಹೆಚ್ಚು. ಊರು ಬಿಟ್ಟವರ, ತೀರಿಕೊಂಡವರ ನೆನಪಿಗೆ ಆಳೆತ್ತರದ ಬೊಂಬೆಗಳನ್ನು ಮಾಡಿ ಬಸ್ ನಿಲ್ದಾಣದಲ್ಲಿ, ಗದ್ದೆಯ ಬದುವಿನಲ್ಲಿ, 2012ರಲ್ಲಿ ಮುಚ್ಚಿದ ಶಾಲೆಯಲ್ಲಿ ಕೂರಿಸಿದ್ದಾರೆ. ಕಾರನ್ನು ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ, ಮನೆಯಂಗಳಕ್ಕೆ ಕಾಲಿಡದೆ ನೋಡಿ ಬನ್ನಿ. ಸಸ್ಯಾಹಾರಿಗಳಿಗೆ ಒಂದು ಸೂಚನೆ: ಇಯಾದ ಸೋಬಾ ಶಾವಿಗೆ ರುಚಿಯಾದದ್ದೇ ಆದರೂ ಅದರ ಸಾರಿಗೆ ಸಾಮಾನ್ಯವಾಗಿ ಮೀನು ಬಿದ್ದಿರುತ್ತದೆ, ಆದ್ದರಿಂದ ಅವಲಕ್ಕಿ, ಚಟ್ನಿಪುಡಿ ಚೀಲದಲ್ಲಿರಲಿ.

ಎರಡನೆಯ ದಿನ ಬೆಳಿಗ್ಗೆ, 1,100 ಮೀಟರ್ ಮೀರಿದ ಎತ್ತರದ ಕ್ಯೋಬಾಶಿರಾ ಘಾಟಿಯನ್ನು ಹತ್ತಿ ಕೋಚಿ ಪ್ರಾಂತ್ಯಕ್ಕೆ ಇಳಿಯುತ್ತೀರಿ. ಓತೊಯೊದಲ್ಲಿ ಮೂರು ಸಾವಿರ ವರ್ಷದ್ದೆಂದು ಹೇಳಲಾಗುವ ಸುಗಿ ಮರವನ್ನು ನೋಡಿ ಮುಂದುವರಿದರೆ, ಮೊತೊಯಾಮಾ, ತೊಸಾ ಪಟ್ಟಣಗಳ ಸುತ್ತ ರಸ್ತೆ ಅಗಲವಾಗಿ ಕೈಗೆ ಬಿಡುವು ಕೊಡುತ್ತದೆ. ‘ಮಿಚಿ-ನೊ-ಎಕಿ’ ಎಂಬ ರಸ್ತೆಬದಿಯ ತಂಗುದಾಣಗಳಲ್ಲಿ ಶೌಚಾಲಯ ಇಡೀ ದಿನ ತೆರೆದಿರುತ್ತದೆ, ಊರಿನವರು ಬೆಳೆದ ತರಕಾರಿ ಹಣ್ಣುಗಳೂ ಸಿಗುತ್ತವೆ.

ಮೂರನೆಯ ದಿನ ನಿಯೊದೊ ನದಿಯ ಸೀಮೆ, ತ್ಸುನೊ ದಾಟಿದ ಮೇಲೆ, ದಾರಿ ಮುಗಿಯಿತೆಂಬ ಸಡಿಲಿಕೆ ಬೇಡ. ತಾಯಿಶೋದಿಂದ ಶಿಮಾಂತೊ ನಗರದ ಕೇಂದ್ರಭಾಗವಾದ ನಾಕಾಮುರಾಗೆ ಹೋಗುವ ಕೊನೆಯ ಭಾಗದಲ್ಲಿ ಶಾಕುಶಿ ಘಾಟಿ ಮತ್ತೆ ಒಂದೇ ಕಾರಿನ ಅಗಲಕ್ಕೆ ಕುಗ್ಗುತ್ತದೆ. ಮಧ್ಯಾಹ್ನ ಎರಡರೊಳಗೆ ತಾಯಿಶೋ ಬಿಡಿ.

ನಾಕಾಮುರಾದ ಹತ್ತಿರ ಶಿಮಾಂತೊ ನದಿಗೆ ಅಡ್ಡಲಾಗಿ ‘ಸಾದಾ’ ಎಂಬ ಹೆಸರಿನ ಸೇತುವೆಯಿದೆ. ಪ್ರವಾಹದಲ್ಲಿ ಮರಮುಟ್ಟು ಸಿಕ್ಕಿಕೊಳ್ಳದಿರಲೆಂದು ಅದಕ್ಕೆ ಕಟಕಟೆಯನ್ನೇ ಇಟ್ಟಿಲ್ಲ. ಉದ್ದ 291.6 ಮೀಟರ್, ಅಗಲ 4.2 ಮೀಟರ್. ಕಾರಿನಲ್ಲಿ ದಾಟಬಹುದು, ಆದರೆ ಎದುರು ದಡದಿಂದ ವಾಹನವೊಂದು ಆಗಲೇ ಸೇತುವೆಗಿಳಿದಿದ್ದರೆ, ಅದು ಪೂರ್ತಿ ದಾಟಿ ಬರುವವರೆಗೆ ಈ ದಡದಲ್ಲೇ ನಿಂತಿರಿ.