ಯುರೇನಿಯಂ ಎಷ್ಟು ಭಾರ? ತೂಕದ ಬಟ್ಟಿನಿಂದ ಅಂದಾಜು ಮಾಡಿ

ಟ್ಯಾಂಕಿನ ಕವಚ ಸೀಳುವ ಗುಂಡುಗಳಿಗೆ ಅಮೆರಿಕದ ಸೇನೆ ಡಿಪ್ಲೀಟೆಡ್ ಯುರೇನಿಯಂ ಬಳಸುತ್ತದೆ. ಇದು ಡಿಕಾಕ್ಷನ್ ಇಳಿಸಿದ ಮೇಲೆ ಉಳಿಯುವ ಚರಟವಿದ್ದಂತೆ: ಪರಮಾಣು ಇಂಧನಕ್ಕೆ ಬೇಕಾದ ಯುರೇನಿಯಂ-235ರ ಬಹುಪಾಲನ್ನು ತೆಗೆದ ಮೇಲೆ ಉಳಿದದ್ದು. ಸಹಜ ಯುರೇನಿಯಂನಲ್ಲಿ ಅದು ಶೇ 0.7ರಷ್ಟಿದ್ದರೆ ಇದರಲ್ಲಿ ಶೇ 0.2–0.3 ಮಾತ್ರ. ಈ ಚರಟವೇ ಏಕೆ ಎಂದರೆ ‘ಸಾಂದ್ರತೆ’ ಎನ್ನುತ್ತಾರೆ, ಅಂದರೆ ಒಂದು ಘನ ಸೆಂಟಿಮೀಟರ್‌ನಲ್ಲಿ ಎಷ್ಟು ಗ್ರಾಂ ತುಂಬಿದೆ ಎಂಬುದು. ಸಾಂದ್ರತೆಯನ್ನು ಮನೆಯಲ್ಲೇ ಅಳೆಯಬಹುದು.

ಹಳೆಯ ಕಿರಾಣಿ ಅಂಗಡಿಯ 200 ಗ್ರಾಂ ಕಬ್ಬಿಣದ ಬಟ್ಟು, ದಾರ, ಅಡುಗೆಗೆ ಬಳಸದ ಡಬ್ಬ, ಡಿಜಿಟಲ್ ತಕ್ಕಡಿ ಸಾಕು. ಮೊದಲು ಬಟ್ಟನ್ನು ಒಣಗಿದ್ದಾಗಲೇ ತೂಗಿ. ನಂತರ ನೀರು ತುಂಬಿದ ಡಬ್ಬವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಬಟ್ಟಿಗೆ ದಾರ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೆ ತಾಗದಂತೆ ಹಿಡಿಯಿರಿ. ಬಟ್ಟಿನ ಕುಳಿಯಲ್ಲಿ ಗಾಳಿ ಸಿಕ್ಕಿಕೊಂಡರೆ ಲೆಕ್ಕ ಕೆಡುತ್ತದೆ, ಓರೆಯಾಗಿ ಇಳಿಸಿ. ಈಗ ಕಾಣುವ ಗ್ರಾಂಗಳೇ ಅದರ ಗಾತ್ರ, ಘನ ಸೆಂಟಿಮೀಟರ್‌ಗಳಲ್ಲಿ. 28 ಬಂದರೆ 200 ಭಾಗಿಸು 28, ಅಂದರೆ ಸುಮಾರು 7. ಕಬ್ಬಿಣದ ಎರಕಕ್ಕೆ ಅಷ್ಟೇ ಇರಬೇಕು.

ಇದೇ ತೂಕದ ಸೀಸವಾದರೆ ತಕ್ಕಡಿ 18 ತೋರಿಸುತ್ತಿತ್ತು. ಯುರೇನಿಯಂ ಬರೀ ಹತ್ತೂವರೆ. ಅದರ ಸಾಂದ್ರತೆ 19.1. ನೀರಿನ ಲೀಟರ್ ಬಾಟಲಿಯಷ್ಟು ಯುರೇನಿಯಂ ಎತ್ತಲು ಹೋದರೆ 19 ಕೆ.ಜಿ. ಕೈಗೆ ಬೀಳುತ್ತದೆ! ಸಣ್ಣ ಮೊನೆಯ ಹಿಂದೆ ಅಷ್ಟು ತೂಕ ನುಗ್ಗಿದರೆ ಕವಚ ತಡೆಯುವುದು ಕಷ್ಟ.

ಆದರೆ ಟಂಗ್‌ಸ್ಟನ್ 19.3, ಅದೇ ಒಂದು ಕೈ ಮೇಲು. ಜರ್ಮನಿಯ ಟ್ಯಾಂಕ್‌ಗಳು ಅದನ್ನೇ ಬಳಸುತ್ತವೆ. ವ್ಯತ್ಯಾಸ ತಕ್ಕಡಿಗೆ ಕಾಣದ ಕಡೆ ಇದೆ. ಕವಚಕ್ಕೆ ಬಡಿದಾಗ ಟಂಗ್‌ಸ್ಟನ್ ಮೊನೆ ಅಣಬೆಯಂತೆ ಅಗಲವಾಗುತ್ತದೆ. ಯುರೇನಿಯಂ ಅಂಚು ಕಳಚಿಕೊಳ್ಳುತ್ತಾ ಚೂಪಾಗಿಯೇ ಉಳಿಯುತ್ತದೆ. ಉದುರಿದ ಪುಡಿ ಗಾಳಿಯಲ್ಲಿ ತಾನಾಗಿ ಹೊತ್ತಿಕೊಳ್ಳುತ್ತದೆ. ಜೊತೆಗೆ ಚರಟ ಅಗ್ಗ.

ಆ ಪುಡಿಯೇ ಈ ಲೋಹದ ದೊಡ್ಡ ತಂಟೆ. ಇದರ ಆಲ್ಫಾ ವಿಕಿರಣ ಚರ್ಮವನ್ನೂ ದಾಟದು, ಆದರೆ ಧೂಳು ಉಸಿರಿನೊಡನೆ ಒಳಹೋದರೆ ಆ ಕಾವಲಿಲ್ಲ. ಭಾರಲೋಹವಾಗಿ ಮೂತ್ರಪಿಂಡಕ್ಕೂ ಕೆಡುಕು. 1991ರ ಕೊಲ್ಲಿ ಯುದ್ಧದಲ್ಲಿ ಇಂಥ ಗುಂಡುಗಳನ್ನು ಹೇರಳವಾಗಿ ಹಾರಿಸಿದರು. 1999ರಲ್ಲಿ ಯುರೋಪಿನ ಕೊಸೊವೊದ ಯುದ್ಧದಲ್ಲಿ ಹಾರಿದ್ದು ಸುಮಾರು 30,000 ಎಂದು ನ್ಯಾಟೊ ಹೇಳಿತು. ಮರುವರ್ಷ ವಿಶ್ವಸಂಸ್ಥೆಯ ಪರಿಸರ ತಂಡ 11 ಜಾಗಗಳಲ್ಲಿ ಹುಡುಕಿದಾಗ ಸಿಕ್ಕಿದ್ದು ಏಳೂವರೆ ಗುಂಡು.