ಮಕ್ಕಳ ಜೊತೆ ರಾಣಿಪುರಂ ತುದಿಗೆ: ಬೆಳಿಗ್ಗೆ ಹತ್ತಿ ಮಧ್ಯಾಹ್ನ ಇಳಿಯುವ ಲೆಕ್ಕ

ರಾಣಿಪುರಂ ಕೇರಳದ ಕಾಸರಗೋಡು ಜಿಲ್ಲೆಯ ಗುಡ್ಡ. ಅಲ್ಲಿಗೆ ಹೋಗಲು ಕಾಸರಗೋಡು, ಕುಂಬಳೆ ಕಡೆಯವರಿಗೆ ಕಾಞಂಗಾಡು–ಪಾಣತ್ತೂರು ರಸ್ತೆ. ಸುಳ್ಯದವರಿಗೆ ಕಲ್ಲಪಳ್ಳಿ ದಾರಿ. ಎರಡೂ ಪನತ್ತಡಿಗೆ ತಲುಪಿಸುತ್ತವೆ, ಅಲ್ಲಿಂದ ಮೇಲಕ್ಕೆ ರಾಣಿಪುರಂ. ಹಳೆಯ ಹೆಸರು ಮಾಡತ್ತುಮಲೆ. ಅರಣ್ಯ ಇಲಾಖೆಯ ಟಿಕೆಟ್ ಪಡೆದು ನಡೆಯಲು ಶುರುಮಾಡುವ ಜಾಗವೇ ಸುಮಾರು 750 ಮೀಟರ್ ಎತ್ತರದಲ್ಲಿದೆ. ತುದಿ ಸಾವಿರ ಮೀಟರಿನ ಆಸುಪಾಸು. ನಡಿಗೆ ಒಂದು ಬದಿಗೆ ಎರಡೂವರೆ ಕಿಲೋಮೀಟರ್. ಕಾಡಾನೆ ಬಂದರೆ, ಮಳೆ ಜೋರಾದರೆ ದಾರಿ ಮುಚ್ಚುತ್ತಾರೆ. ಹಾಗಾಗಿ ಹೊರಡುವ ಹಿಂದಿನ ದಿನವೇ ವಿಚಾರಿಸಿಕೊಳ್ಳಿ.

ಮೊದಲು ಸಮಯ. ಸಮತಟ್ಟಿನಲ್ಲಿ ಗಂಟೆಗೆ 5 ಕಿಲೋಮೀಟರ್, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಸೇರಿಸುವುದು ಗುಡ್ಡ ಹತ್ತುವವರ ಹಳೆಯ ಲೆಕ್ಕ. ಆ ಪ್ರಕಾರ ಇಲ್ಲಿ ದೊಡ್ಡವರಿಗೆ ಒಂದು ಗಂಟೆ. ಆರೇಳು ವರ್ಷದ ಮಗು, ಮಂಡಿನೋವಿನ ಅಜ್ಜಿ ಜೊತೆಗಿದ್ದರೆ ಅದರ ಎರಡು ಪಟ್ಟು ಇಟ್ಟುಕೊಳ್ಳಿ. ಒಂಬತ್ತಕ್ಕೆ ಹೊರಟರೆ ಹನ್ನೊಂದಕ್ಕೆ ತುದಿ. ಹನ್ನೆರಡಾದರೂ ತುದಿ ಸಿಗದಿದ್ದರೆ ಇದ್ದಲ್ಲಿಂದಲೇ ತಿರುಗಿ. ಈ ಮಾತನ್ನು ಮನೆಯಲ್ಲೇ ಮಕ್ಕಳಿಗೆ ಹೇಳಿಟ್ಟರೆ ಅಲ್ಲಿ ಹಟ, ಅಳು ಇರುವುದಿಲ್ಲ.

ನೀರು ದೊಡ್ಡವರಿಗೆ 2 ಲೀಟರ್, ಮಕ್ಕಳಿಗೆ 1 ಲೀಟರ್. ಮೇಲೆ ನೀರು ಸಿಗುತ್ತದೆಂದು ನಂಬಬೇಡಿ. ಒಂದು ಬಾಟಲಿಯಲ್ಲಿ ಲೀಟರಿಗೆ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು, ಮಟ್ಟಸವಾಗಿ ಅಳೆದು, ಕದಡಿ ಇಡಿ. ಬೆವರಿ ಸುಸ್ತಾದವರಿಗೆ ಅದು. ಬುತ್ತಿಗೆ ಅವಲಕ್ಕಿ, ಬಾಳೆಹಣ್ಣು, ಬಾಳೆಲೆಯಲ್ಲಿ ಬೆಂದ ಕೊಟ್ಟಿಗೆ (ಕಡುಬು) ಒಳ್ಳೆಯದು. ಕಾಯಿ ಚಟ್ನಿ ಸೆಕೆಗೆ ಹಳಸುತ್ತದೆ, ಉಪ್ಪಿನಕಾಯಿ ಸಾಕು.

ದಾರಿಯ ಮೊದಲರ್ಧ ಕಾಡು. ಮಳೆಗಾಲದಲ್ಲಿ, ಮಳೆ ಬಿಟ್ಟ ಕೆಲವು ವಾರಗಳಲ್ಲೂ, ಇಲ್ಲಿ ರಕ್ತ ಹೀರುವ ಉಂಬಳಗಳದ್ದೇ (ಕಾಡಿನ ಜಿಗಣೆ) ರಾಜ್ಯ. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ತುರುಕಿ, ಬೂಟಿನ ಸುತ್ತ ಒಣ ಸಾಬೂನು ಉಜ್ಜಿ. ನಿಂತಲ್ಲೇ ನಿಂತರೆ ಹತ್ತುವುದು ಹೆಚ್ಚು. ದಣಿವಾರಿಸಲು ತರಗೆಲೆಯ ಮೇಲಲ್ಲ, ಬೋಳು ಕಲ್ಲಿನ ಮೇಲೆ ನಿಲ್ಲಿ. ಕಚ್ಚಿಕೊಂಡದ್ದನ್ನು ಹಿಡಿದೆಳೆಯಬೇಡಿ. ಅದರ ಸಪೂರ ತುದಿ ಬಾಯಿ. ಚರ್ಮಕ್ಕೆ ಒತ್ತಿ ಉಗುರನ್ನು ಆ ತುದಿಯಡಿಗೆ ಬದಿಯಿಂದ ಸರಿಸಿದರೆ ಹಿಡಿತ ಬಿಡುತ್ತದೆ. ಆಮೇಲೆ ದಪ್ಪ ತುದಿಯನ್ನೂ ಹಾಗೆಯೇ ಬಿಡಿಸಿ. ಸುಣ್ಣ, ಹೊಗೆಸೊಪ್ಪು, ಬೆಂಕಿಕಡ್ಡಿಗೆ ಉಂಬಳ ಉದುರುತ್ತದೆ ನಿಜ, ಆದರೆ ಉದುರುವಾಗ ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಾರಬಹುದು, ಕೀವು ಆದೀತು. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಅದರ ಜೊಲ್ಲಿನಲ್ಲಿರುವುದರಿಂದ ತುಂಬಾ ಹೊತ್ತು ರಕ್ತ ಒಸರುತ್ತದೆ. ಹೆದರಬೇಡಿ, ತೊಳೆದು, ಶುಭ್ರ ಬಟ್ಟೆ ಒತ್ತಿ ಕಟ್ಟಿ.

ಇದೇ ಕಾಡಿನಲ್ಲಿ ಹಬೆಯಾಡುವ ಆನೆ ಲದ್ದಿ ಕಂಡರೆ ಮುಂದೆ ಒಂದು ಹೆಜ್ಜೆಯೂ ಬೇಡ. ಸದ್ದಿಲ್ಲದೆ ಹಿಂದೆ ಬಂದು ಚೆಕ್‌ಪೋಸ್ಟಿನವರಿಗೆ ತಿಳಿಸಿ.

ಕಾಡು ದಾಟಿದರೆ ಬಯಲು ಹುಲ್ಲುಗಾವಲು. ಹುಲ್ಲು ಮಗುವಿನ ತಲೆಗಿಂತ ಎತ್ತರ ಬೆಳೆದಿರುತ್ತದೆ. ಮಕ್ಕಳನ್ನು ಓಡಲು ಬಿಡಬೇಡಿ, ನಿಧಾನದವರು ಮುಂದೆ, ಗಟ್ಟಿಗರು ಕೊನೆಗೆ. ಬೇಸಗೆಯಲ್ಲಿ ಒಂದು ಕಿಡಿ ಸಾಕು ಗುಡ್ಡೆಯೇ ಉರಿಯಲು, ಬೆಂಕಿಪೊಟ್ಟಣ ಮನೆಯಲ್ಲಿರಲಿ.

ಏಪ್ರಿಲ್–ಮೇ, ಅಕ್ಟೋಬರ್–ನವೆಂಬರಿನಲ್ಲಿ ಮಧ್ಯಾಹ್ನದ ಮೇಲೆ ಸಿಡಿಲಿನ ಹೆದರಿಕೆ. ಬೋಳುನೆತ್ತಿಯಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. 3 ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. 30 ಎಣಿಸುವ ಮೊದಲೇ ಗುಡುಗಿದರೆ ಕೊಡೆ ಮಡಚಿ ಕೂಡಲೇ ಕೆಳಗಿಳಿಯಿರಿ. ಒಂಟಿ ಮರದಡಿ ಮಾತ್ರ ನಿಲ್ಲಬೇಡಿ.

ಜಾರಿ ಬೀಳುವುದು ಹೆಚ್ಚಾಗಿ ಇಳಿಯುವಾಗಲೇ. ಬೂಟಿನ ದಾರವನ್ನು ಪಾದದ ಗಂಟಿನ ಬಳಿ ಮತ್ತೊಮ್ಮೆ ಬಿಗಿಯಿರಿ. ಸಡಿಲಿದ್ದರೆ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ. ಮಂಡಿ ತುಸು ಬಗ್ಗಿಸಿ, ಸಣ್ಣ ಹೆಜ್ಜೆ. ಮಗುವಿಗಿಂತ ಎರಡು ಹೆಜ್ಜೆ ಕೆಳಗೆ ದೊಡ್ಡವರೊಬ್ಬರು ಇಳಿಯಲಿ. ಜೀಪು ಹತ್ತುವ ಮೊದಲು ಮಕ್ಕಳ ಕಾಲ್ಬೆರಳ ಸಂದು, ಮಂಡಿಯ ಹಿಂಭಾಗ, ಸೊಂಟದ ಸುತ್ತ, ಕಿವಿಯ ಹಿಂದೆ ಉಂಬಳ ಉಳಿದಿದೆಯೇ ನೋಡಿ. ಬೂಟು ಕಳಚಿ ಕೊಡವಿ.